ಸೂರಿನಡಿ ಅಲ್ಕರಾಜ್ ಯಾಕೆ ಮಂಕು?

(ಆಟದ ಪ್ರಶ್ನೋತ್ತರ, ನವೆಂಬರ್ 2025)

ಪ್ರಶ್ನೆ: ಟೆನಿಸ್‌ನಲ್ಲಿ ವರ್ಷವಿಡೀ ಎಲ್ಲರನ್ನೂ ಹೊಡೆದು ಹಾಕಿದ ಸ್ಪೇನಿನ ಅಲ್ಕರಾಜ್, ಪ್ಯಾರಿಸ್ ಮಾಸ್ಟರ್ಸ್‌ನಲ್ಲಿ ಮೊದಲ ಪಂದ್ಯಕ್ಕೇ ಗಂಟುಮೂಟೆ ಕಟ್ಟಿದ. ತಲೆ ಮೇಲೆ ಸೂರಿದ್ದರೆ ಅವನಿಗೆ ಆಡೋಕೆ ಬರಲ್ವಾ? ಇಟಲಿಯ ಟ್ಯೂರಿನ್‌ನಲ್ಲಿ ನಡೆಯುವ ವರ್ಷಾಂತ್ಯದ ಎಟಿಪಿ ಫೈನಲ್ಸ್‌ನಲ್ಲೂ ಇದೇ ಕಥೆನಾ? (ಹಾಸನದ ಓದುಗರು)

ಬರುತ್ತೆ ಸ್ವಾಮಿ. ಅಕ್ಟೋಬರ್ ಕೊನೆ ಬಂತೆಂದರೆ ಮರೆತುಹೋಗುತ್ತೆ, ಅಷ್ಟೇ. 2022ರಲ್ಲಿ ಪ್ಯಾರಿಸ್ ಕ್ವಾರ್ಟರ್‌ಫೈನಲ್‌ನಲ್ಲಿ ರೂನ್ ಎದುರು ಹೊಟ್ಟೆಯ ಸ್ನಾಯು ನೋವಿನಿಂದ ಅರ್ಧಕ್ಕೇ ಬಿಟ್ಟ, ಟ್ಯೂರಿನ್‌ಗೆ ಹೋಗಲೇ ಇಲ್ಲ. 2023ರಲ್ಲಿ ಪ್ಯಾರಿಸ್‌ನ ಮೊದಲ ಪಂದ್ಯದಲ್ಲೇ ಸಫಿಯುಲಿನ್‌ಗೆ ಸೋತ. 2024ರಲ್ಲಿ ಅಲ್ಲಿ ಅಂಬೇರ್‌ಗೆ ಸೋತು, ಟ್ಯೂರಿನ್‌ಗೆ ಹೋಗಿ ರೂಡ್‌ಗೂ ಜ್ವೆರೆವ್‌ಗೂ ಸೋತು ಗುಂಪಿನ ಹಂತದಲ್ಲೇ ಹೊರಬಿದ್ದ. ಈ ಸಲ ನೋರಿ. ಮೊದಲ ಸೆಟ್ 6-4 ಗೆದ್ದು, ಆಮೇಲೆ 3-6, 4-6. ತಾನಾಗಿ ಮಾಡಿಕೊಂಡ ತಪ್ಪುಗಳೇ 54!

ಆದರೆ ಇದೇ ವರ್ಷ ಫೆಬ್ರುವರಿಯಲ್ಲಿ ರಾಟರ್‌ಡ್ಯಾಮ್ ಗೆದ್ದನಲ್ಲ, ಅಲ್ಲೂ ಸೂರಿತ್ತು. ಅವನ ಮೊದಲ ಇಂಡೋರ್ ಪ್ರಶಸ್ತಿ ಅದು. ಆಗ ಕಾಲು ಹಗುರವಾಗಿತ್ತು. ಅಲ್ಲಿಂದ ಮಾಂಟೆ ಕಾರ್ಲೊ, ರೋಮ್, ಫ್ರೆಂಚ್ ಓಪನ್ (ಆ ಫೈನಲ್ ಒಂದೇ 5 ಗಂಟೆ 29 ನಿಮಿಷ), ಕ್ವೀನ್ಸ್, ವಿಂಬಲ್ಡನ್ ಫೈನಲ್, ಸಿನ್ಸಿನಾಟಿ, ಯುಎಸ್ ಓಪನ್, ಟೋಕಿಯೊ ಅಂತ ಓಡಿ ಓಡಿ ಬಂದಿದ್ದಾನೆ. ಟೋಕಿಯೊದ ಮೊದಲ ಪಂದ್ಯದಲ್ಲೇ ಎಡಗಾಲು ಉಳುಕಿತು, ಆದರೂ ಗೆದ್ದ, ಆಮೇಲೆ ಶಾಂಘೈ ಬಿಟ್ಟ. ಇಷ್ಟೆಲ್ಲ ಆದ ಮೇಲೆ ಪ್ಯಾರಿಸ್‌ನಲ್ಲಿ ಕಾಲು ಅರ್ಧ ಹೆಜ್ಜೆ ತಡವಾದರೆ ಆಶ್ಚರ್ಯ ಏನು?

ಇಂಡೋರ್ ಅಂಕಣದ ಪಾಲೂ ಇಲ್ಲ ಅನ್ನಲ್ಲ. ಗಾಳಿ ಇಲ್ಲ, ಬಿಸಿಲಿಲ್ಲ, ಚೆಂಡು ಜಾಸ್ತಿ ಏಳಲ್ಲ. ಜೇಡಿಮಣ್ಣಿನಲ್ಲಿ ಎದುರಾಳಿಯ ಭುಜದವರೆಗೆ ಹಾರುವ ಅವನ ಟಾಪ್‌ಸ್ಪಿನ್ (ಚೆಂಡನ್ನು ಮುಂದಕ್ಕೆ ಸುತ್ತಿಸುವ ಹೊಡೆತ) ಇಲ್ಲಿ ಸೊಂಟದ ಮಟ್ಟಕ್ಕೇ ನಿಲ್ಲುತ್ತದೆ, ಅದನ್ನು ಚಪ್ಪಟೆಯಾಗಿ ಬಾರಿಸುವವರಿಗೆ ಹಬ್ಬ.

ಟ್ಯೂರಿನ್‌ನಲ್ಲಿ ಒಂದು ಅನುಕೂಲ ಇದೆ. ಗುಂಪಿನ ಒಂದು ಪಂದ್ಯ ಸೋತರೂ ಉಸಿರಾಡಬಹುದು, ನಡುವೆ ಬಿಡುವೂ ಸಿಗುತ್ತದೆ. ಫೈನಲ್‌ಗೆ ಬರುತ್ತಾನೆ ಅಂತಲೇ ನನ್ನ ಲೆಕ್ಕ.

ಪ್ರಶ್ನೆ: ಪ್ಯಾರಿಸ್ ಗೆದ್ದು ಇಟಲಿಯ ಸಿನ್ನರ್ ನಂಬರ್ 1 ಆದ. ಆದರೂ ವರ್ಷದ ಕೊನೆಗೆ ಅಲ್ಕರಾಜ್ ಆಗಬಹುದು ಅಂತಾರೆ. ಇದೇನು ಗೊಂದಲ? (ದಾವಣಗೆರೆಯ ಓದುಗರು)

ಸಿನ್ನರ್‌ಗೆ ಈಗ 11,500 ಅಂಕ, ಅಲ್ಕರಾಜ್‌ಗೆ 11,250. ಕಳೆದ ಒಂದು ವರ್ಷದ ಅಂಕ ಮಾತ್ರ ಲೆಕ್ಕಕ್ಕೆ ಬರುವುದರಿಂದ ಹೋದ ವರ್ಷದ ಟ್ಯೂರಿನ್ ಅಂಕಗಳು ಈಗ ಉದುರಿಹೋಗುತ್ತವೆ. ಸಿನ್ನರ್ ಒಂದೂ ಪಂದ್ಯ ಸೋಲದೆ ಗೆದ್ದಿದ್ದರಿಂದ ಅವನ 1,500 ಪೂರ್ತಿ ಹೋಯಿತು. ನಮ್ಮ ಹುಡುಗ ಅಲ್ಕರಾಜ್ ಒಂದೇ ಪಂದ್ಯ ಗೆದ್ದಿದ್ದ, ಹೋಗುವುದು ಬರೀ 200. ಅಂದರೆ 11,050 ಎದುರು 10,000. ಹೋದ ವರ್ಷ ಸೋತದ್ದು ಈ ವರ್ಷ ಲಾಭಕ್ಕೆ ಬಂತು ನೋಡಿ! ಗುಂಪಿನ ಮೂರೂ ಪಂದ್ಯ ಗೆದ್ದರೆ 600 ಸಿಗುತ್ತದೆ, ಆಮೇಲೆ ಸಿನ್ನರ್ ಏನೇ ಮಾಡಿದರೂ ಹಿಡಿಯಲಾಗದು. ಎರಡು ಗೆದ್ದು ಸೆಮಿಫೈನಲ್‌ನಲ್ಲಿ ಸೋತರೆ 11,450ಕ್ಕೆ ನಿಲ್ಲುತ್ತಾನೆ. ಆಗ ಸಿನ್ನರ್ ಒಂದೂ ಸೋಲದೆ ಕಪ್ ಎತ್ತಿದರೆ ಬರೀ 50 ಅಂಕದಲ್ಲಿ ಕೈತಪ್ಪುತ್ತದೆ.

ಪ್ರಶ್ನೆ: ನಡಾಲ್ ಹಾಗೆ ಅಲ್ಕರಾಜ್‌ಗೂ ಈ ವರ್ಷಾಂತ್ಯದ ಕಪ್ ಕೊನೆವರೆಗೂ ಸಿಗಲ್ವೇನೋ? (ಧಾರವಾಡದ ಓದುಗರು)

ನಡಾಲ್ 2010ರಲ್ಲಿ ಫೆಡರರ್‌ಗೆ, 2013ರಲ್ಲಿ ಜೊಕೊವಿಚ್‌ಗೆ ಫೈನಲ್‌ನಲ್ಲಿ ಸೋತರು, ಪ್ಯಾರಿಸ್ ಮಾಸ್ಟರ್ಸ್ ಕೂಡ ಗೆಲ್ಲಲಿಲ್ಲ. ಅಂಥ ಆಟಗಾರನಿಗೆ ಇಂಡೋರ್ ಹಾರ್ಡ್ ಕೋರ್ಟ್‌ನಲ್ಲಿ ಸಿಕ್ಕಿದ್ದು 2005ರ ಮ್ಯಾಡ್ರಿಡ್ ಪ್ರಶಸ್ತಿ ಒಂದೇ. ಆದರೆ ಅಲ್ಕರಾಜ್ ನೆಟ್ ಹತ್ತಿರ ನುಗ್ಗುತ್ತಾನೆ, ನೆಟ್ ದಾಟುತ್ತಲೇ ಬೀಳುವ ಡ್ರಾಪ್ ಶಾಟ್ ಇದೆ, ವಯಸ್ಸು 22. ಕಪ್ ಸಿಗುತ್ತೆ. ಈ ವರ್ಷವೇ ಅಂತ ಮಾತ್ರ ಬರೆದುಕೊಡಲಾರೆ, ಯಾಕೆಂದರೆ 2023ರ ಟ್ಯೂರಿನ್ ಫೈನಲ್ ಆದ ಮೇಲೆ ಸಿನ್ನರ್ ಇಂಡೋರ್ ಟೂರ್ನಿಗಳಲ್ಲಿ ಸೋತೇ ಇಲ್ಲ. ಸತತ 26 ಪಂದ್ಯ! ಈಗ ಆಡುವುದೂ ತನ್ನ ದೇಶದಲ್ಲಿ, ತನ್ನ ಜನರೆದುರು. ಫೈನಲ್‌ನಲ್ಲಿ ಇಬ್ಬರೇ ಎದುರಾದರೆ ನನ್ನ ಕಾಸು ಸಿನ್ನರ್ ಮೇಲೆ. ಬೈಯಬೇಡಿ.

ಪ್ರಶ್ನೆ: ನಮ್ಮ ಬೋಪಣ್ಣ ಅವರಿಗೂ ಇದೇ ಪ್ಯಾರಿಸ್ ಕೊನೆಯಾಯಿತಲ್ವಾ? (ಮಡಿಕೇರಿಯ ಓದುಗರು)

ಹೌದು. ಬುಬ್ಲಿಕ್ ಜೊತೆ ಅಲ್ಲಿ ಆಡಿದ್ದೇ ಕೊನೆ, ನವೆಂಬರ್ 1ರಂದು ನಿವೃತ್ತಿ ಹೇಳಿದರು. ಇಂಡೋರ್ ಅಂದರೆ ಅವರ ಸರ್ವ್‌ಗೆ ತವರುಮನೆ ಇದ್ದಂತೆ. ಪ್ಯಾರಿಸ್ ಡಬಲ್ಸ್ ಅನ್ನು 2011ರಲ್ಲಿ ಖುರೇಷಿ ಜೊತೆ, 2012ರಲ್ಲಿ ಭೂಪತಿ ಜೊತೆ ಗೆದ್ದವರು. ವರ್ಷಾಂತ್ಯದ ಕಪ್ ಮಾತ್ರ ಅವರಿಗೂ ದಕ್ಕಲಿಲ್ಲ, 2012 ಮತ್ತು 2015ರಲ್ಲಿ ಫೈನಲ್‌ನಲ್ಲಿ ಸೋತರು.

ಪ್ರಶ್ನೆ: ಟ್ಯೂರಿನ್ ಪಂದ್ಯ ನಮ್ಮಲ್ಲಿ ಎಷ್ಟು ಹೊತ್ತಿಗೆ? (ತುಮಕೂರಿನ ಓದುಗರು)

ನವೆಂಬರ್ 9ರಿಂದ 16. ಮಧ್ಯಾಹ್ನದ ಸಿಂಗಲ್ಸ್ ನಮಗೆ ಸಂಜೆ ಆರೂವರೆಗೆ, ಆರಾಮ. ರಾತ್ರಿಯದು ಮಾತ್ರ ಒಂದು ಗಂಟೆಗೆ ಶುರು. ಮನೆಯವರು ಬೈದರೆ ನನ್ನ ಹೆಸರು ಹೇಳಬೇಡಿ.