ಅಮೆರಿಕದ ಜೈಲುಗಳ ವಿಷಯದಲ್ಲಿ ದೇಣಿಗೆ ಕೊಡುವುದಾದರೆ ಯಾರಿಗೆ ಕೊಡಬೇಕು?

ನೀವು ಕೇಳಿದ್ದು ಇಷ್ಟು: ಸ್ಯಾನ್ ಹೋಸೆಯಲ್ಲಿ ಕೆಲಸ, ನೀವು ಕೊಟ್ಟಷ್ಟನ್ನು ಕಂಪನಿಯೂ ಸೇರಿಸಿ ಕೊಡುತ್ತದೆ, ಕಪ್ಪು ಜನರನ್ನು ಈ ಪರಿ ಜೈಲಿಗೆ ತುಂಬುವುದು ನಿಲ್ಲಲಿ ಎಂಬ ಆಸೆ. ದುಡ್ಡು ದೇಶದಾದ್ಯಂತ ಹೆಸರಿರುವ ಸಂಸ್ಥೆಗೆ ಹೋಗಲಿ, ಜಾಮೀನು ಕಟ್ಟಲಾಗದವರ ಪರವಾಗಿ ಅದನ್ನು ಕಟ್ಟುವ ಬೇಲ್ ಫಂಡಿಗೆ ಹೋಗಲಿ, ಇಲ್ಲ ಊರಿನ ಸಣ್ಣ ಗುಂಪಿಗೆ ಹೋಗಲಿ?

ಊರಿನ ಗುಂಪಿಗೆ. ಅದರಲ್ಲೂ ಜೈಲು ಕಂಡು ಬಂದವರು ಅಥವಾ ಅವರ ಮನೆಯವರು ಮುಂದೆ ನಿಂತು ನಡೆಸುವ ಗುಂಪಿಗೆ. ಇಂಥದ್ದಕ್ಕೇ ಖರ್ಚು ಮಾಡಿ ಎಂಬ ಷರತ್ತು ಹಾಕಬೇಡಿ, ತಿಂಗಳು ತಿಂಗಳು ತಪ್ಪದೆ ಕೊಡಿ. ನಾನು ಮಾಡುವುದೂ ಅದನ್ನೇ.

ನಿಮ್ಮ ಊರಲ್ಲೇ ಸಿಲಿಕಾನ್ ವ್ಯಾಲಿ ಡೀ-ಬಗ್ ಎಂಬ ಗುಂಪಿದೆ, ಕಟ್ಟಿದವರಲ್ಲಿ ಒಬ್ಬರು ರಾಜ್ ಜಯದೇವ್. ಮಗನೋ ಅಣ್ಣನೋ ಜೈಲಿನಲ್ಲಿರುವ ಮನೆಯವರು ವಾರಕ್ಕೊಮ್ಮೆ ಅಲ್ಲಿ ಸೇರುತ್ತಾರೆ. ದುಡ್ಡಿಲ್ಲದ ಆರೋಪಿಗೆ ಸರ್ಕಾರವೇ ಕೊಡುವ ವಕೀಲರನ್ನು ಇಲ್ಲಿ ಪಬ್ಲಿಕ್ ಡಿಫೆಂಡರ್ ಅನ್ನುತ್ತಾರೆ. ಅವರ ಮೇಜಿನ ಮೇಲೆ ಕೇಸುಗಳ ರಾಶಿ, ಒಬ್ಬೊಬ್ಬರ ಬಾಳು ಕೇಳಲು ಪುರುಸೊತ್ತಿಲ್ಲ. ಆ ಕೊರತೆಯನ್ನು ಮನೆಯವರು ತುಂಬುತ್ತಾರೆ. ಪೊಲೀಸ್ ವರದಿಯನ್ನು ಸಾಲು ಸಾಲಾಗಿ ಓದಿ ಹೊಂದದ್ದನ್ನು ಗುರುತು ಹಾಕುತ್ತಾರೆ, ಆ ಹುಡುಗ ಯಾರು, ಯಾರನ್ನು ಸಾಕುತ್ತಿದ್ದಾನೆ ಎಂದು ಫೋಟೋ, ಪತ್ರ, ಪುಟ್ಟ ವಿಡಿಯೊ ಸೇರಿಸಿ ನ್ಯಾಯಾಧೀಶರ ಮುಂದಿಡುತ್ತಾರೆ, ವಿಚಾರಣೆಯ ದಿನ ಕೋರ್ಟಿನ ಬೆಂಚು ತುಂಬಿ ಕೂರುತ್ತಾರೆ. ಎಷ್ಟು ವರ್ಷ ಶಿಕ್ಷೆ ಆಯಿತು ಎಂಬುದಲ್ಲ, ಎಷ್ಟು ವರ್ಷ ಉಳಿಯಿತು ಎಂಬುದು ಅವರ ಲೆಕ್ಕ. 2018ರಲ್ಲಿ ಜಯದೇವ್ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು, ಅಸಾಧಾರಣ ಕೆಲಸ ಮಾಡುವವರಿಗೆ ಅಮೆರಿಕದಲ್ಲಿ ಕೊಡುವ ದೊಡ್ಡ ಗೌರವಧನ ಅದು. ಈ ಪದ್ಧತಿ ಈಗ ಬೇರೆ ಬೇರೆ ರಾಜ್ಯಗಳಿಗೂ ಹಬ್ಬಿದೆ. ಇದಕ್ಕೆ ಬೇಕಾದದ್ದೇನು? ಬಾಡಿಗೆ, ಇಬ್ಬರು ಮೂವರ ಸಂಬಳ, ರಾತ್ರಿ ಸಭೆಗೆ ಊಟ. ದೊಡ್ಡ ಫೌಂಡೇಶನ್ನುಗಳು ಕೊಡಲು ಹಿಂದೆಮುಂದೆ ನೋಡುವುದು ಇಂಥ ಖರ್ಚಿಗೇ.

ಬೇಲ್ ಫಂಡ್ ಕೂಡ ಒಳ್ಳೆಯದೇ, ಅದು ಯಾಕೆ ಬೇಕಾಯಿತು ಎಂದು ಗೊತ್ತಿದ್ದರೆ. ಇಲ್ಲಿನ ಕೌಂಟಿ (ನಮ್ಮ ಜಿಲ್ಲೆ ಇದ್ದಂತೆ) ಜೈಲುಗಳಲ್ಲಿ ಇರುವವರಲ್ಲಿ ಹೆಚ್ಚಿನವರು ಇನ್ನೂ ತಪ್ಪಿತಸ್ಥರೆಂದು ಸಾಬೀತಾಗದವರು, ನಮ್ಮ ಭಾಷೆಯಲ್ಲಿ ವಿಚಾರಣಾಧೀನ ಕೈದಿಗಳು. (ಭಾರತದ ಜೈಲುಗಳಲ್ಲೂ ನಾಲ್ಕರಲ್ಲಿ ಮೂವರು ಇವರೇ, ನಾವು ಮೂಗು ಮುರಿಯುವಂತಿಲ್ಲ.) ನ್ಯೂಯಾರ್ಕಿನ ಕಲೀಫ್ ಬ್ರೌಡರ್‌ನನ್ನು 2010ರಲ್ಲಿ ಬ್ಯಾಗು ಕದ್ದ ಆರೋಪದ ಮೇಲೆ ಹಿಡಿದಾಗ ಅವನಿಗೆ 16 ವರ್ಷ. ಜಾಮೀನು 3,000 ಡಾಲರ್. ಅದನ್ನು ಕಟ್ಟಲಾಗದೆ ರೈಕರ್ಸ್ ಜೈಲಿನಲ್ಲಿ ಸುಮಾರು ಮೂರು ವರ್ಷ ಕಳೆದ, ಬಹುಪಾಲು ಒಂಟಿ ಕೋಣೆಯಲ್ಲಿ. ಕೇಸು ವಿಚಾರಣೆಗೇ ಬರಲಿಲ್ಲ, ವಜಾ ಆಯಿತು. 2015ರಲ್ಲಿ ಆತ್ಮಹತ್ಯೆ ಮಾಡಿಕೊಂಡ.

ಫಂಡು ನೇರವಾಗಿ ಕೋರ್ಟಿಗೆ ಜಾಮೀನು ಕಟ್ಟುತ್ತದೆ. ಆರೋಪಿ ತಪ್ಪದೆ ಹಾಜರಾದರೆ ಕೇಸು ಮುಗಿದ ಮೇಲೆ ಹಣ ವಾಪಸು ಬರುತ್ತದೆ, ಅದೇ ಹಣ ಇನ್ನೊಬ್ಬರಿಗೆ. ಜಾಮೀನು ಏಜೆಂಟರ ಬಳಿ ಹೋದರೆ ಸಾಮಾನ್ಯವಾಗಿ ಶೇ. 10 ಕೊಡಬೇಕು, ಅದು ಹೋಯಿತು ಅಂದರೆ ಹೋಯಿತು. ಆದರೂ ನನ್ನ ಮಟ್ಟಿಗೆ, ತನ್ನ ಅಂಗಡಿಯನ್ನೇ ಮುಚ್ಚಲು ಹೊರಟಿರುವ ಬೇಲ್ ಫಂಡಿಗೆ ಮಾತ್ರ ಕೊಡಬೇಕು. ಶಿಕಾಗೋ ಕಮ್ಯುನಿಟಿ ಬಾಂಡ್ ಫಂಡ್ ಹಾಗಿತ್ತು. ಜನರನ್ನು ಬಿಡಿಸುತ್ತಲೇ ಉಳಿದ ಸಂಘಟನೆಗಳ ಜೊತೆ ಸೇರಿ ಕಾನೂನಿಗಾಗಿ ಹೋರಾಡಿತು. 2023ರ ಸೆಪ್ಟೆಂಬರ್ 18ರಿಂದ ಇಲಿನಾಯ್ ರಾಜ್ಯದಲ್ಲಿ ಹಣದ ಜಾಮೀನು ಪೂರ್ತಿ ರದ್ದಾಯಿತು. ಇಡೀ ದೇಶದಲ್ಲಿ ಅದೇ ಮೊದಲು.

ಸುದ್ದಿ ನೋಡಿ ಒಮ್ಮೆಲೇ ಸುರಿಯುವ ದುಡ್ಡಿನ ಕಥೆಯನ್ನೂ ಹೇಳಬೇಕು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸರ ಕೈಯಲ್ಲಿ ಹತ್ಯೆಯಾದ ಮೇಲೆ ಮಿನೆಸೋಟ ಫ್ರೀಡಂ ಫಂಡ್ ಎಂಬ ಪುಟ್ಟ ಬೇಲ್ ಫಂಡಿಗೆ ಕೆಲವೇ ವಾರಗಳಲ್ಲಿ 3 ಕೋಟಿ ಡಾಲರಿಗೂ ಹೆಚ್ಚು ಬಂತು. ಕೊಟ್ಟ ಜನರೇ ತಿಂಗಳೊಪ್ಪತ್ತಿನಲ್ಲಿ ‘ದುಡ್ಡೆಲ್ಲಿ ಹೋಯಿತು’ ಎಂದು ಕೇಳತೊಡಗಿದರು. ಹೋಗಿರಲಿಲ್ಲ, ಅಷ್ಟನ್ನು ಅಷ್ಟು ಬೇಗ ಖರ್ಚು ಮಾಡುವ ಕೈಗಳೇ ಅಲ್ಲಿರಲಿಲ್ಲ. ಶ್ರೀಮಂತರ ದುಡ್ಡಿನ ಲೆಕ್ಕ ಬೇರೆ. ಆಗ್ನೆಸ್ ಗಂಡ್ ಎಂಬ ಕಲಾಸಂಗ್ರಾಹಕಿ ತಮ್ಮ ಮನೆಯಲ್ಲಿದ್ದ, ಹೆಸರಾಂತ ಚಿತ್ರಕಾರ ಲಿಕ್ಟೆನ್‌ಸ್ಟೈನ್ ಚಿತ್ರವೊಂದನ್ನು ಮಾರಿ, 10 ಕೋಟಿ ಡಾಲರ್ ಹಾಕಿ, ಜೈಲಿಗೆ ತುಂಬುವುದು ಕಡಿಮೆಯಾಗಲಿ ಎಂದು 2017ರಲ್ಲಿ ಆರ್ಟ್ ಫಾರ್ ಜಸ್ಟಿಸ್ ಫಂಡ್ ಶುರು ಮಾಡಿದರು. ದೊಡ್ಡ ಮನಸ್ಸು, ಮಾತೇ ಇಲ್ಲ. ಆದರೆ ಕೆಲವೇ ವರ್ಷಕ್ಕೆಂದು ಶುರುವಾದ ಅದು 2023ಕ್ಕೆ ಮುಗಿಯಿತು, ಜೈಲುಗಳು ಮುಗಿಯಲಿಲ್ಲ. ನಿಮ್ಮ ತಿಂಗಳ ಐವತ್ತೋ ನೂರೋ ಡಾಲರಿಗೆ ಬೆಲೆ ಬರುವುದು ಇಲ್ಲಿ.

ಇನ್ನು ತೆರಿಗೆಯ ವಿಚಾರ. ಅಮೆರಿಕದ ತೆರಿಗೆ ಕಾನೂನು 501(ಸಿ)(3) ಎಂದು ಕರೆಯುವ ಧರ್ಮಾರ್ಥ ಸಂಸ್ಥೆಗೆ ಕೊಟ್ಟರೆ ತೆರಿಗೆ ವಿನಾಯಿತಿಗೆ ಅವಕಾಶ ಇದೆ, ಕಂಪನಿಯ ಮ್ಯಾಚಿಂಗೂ ಸಾಮಾನ್ಯವಾಗಿ ಅದಕ್ಕೇ. ಆದರೆ ಇಂಥ ಸಂಸ್ಥೆ ಶಾಸನಕ್ಕಾಗಿ ಲಾಬಿ ಮಾಡಲು ಮಿತಿಯಿದೆ. 501(ಸಿ)(4) ಎಂಬ ಇನ್ನೊಂದು ಬಗೆಯ ಸಂಸ್ಥೆಗೆ ಆ ಕಟ್ಟಿಲ್ಲ, ನಿಮಗೆ ವಿನಾಯಿತಿಯೂ ಇಲ್ಲ. ವಿನಾಯಿತಿ ಸಿಗಲ್ಲ ಅಂತ ಅದನ್ನು ಪೂರ್ತಿ ಬಿಟ್ಟುಬಿಡಬೇಡಿ. ಕಾನೂನು ಬದಲಿಸುವ ಪ್ರಚಾರ ಏನು ಮಾಡಬಲ್ಲದು ನೋಡಿ: ಲೂಸಿಯಾನ ರಾಜ್ಯದಲ್ಲಿ 12 ಜ್ಯೂರಿಗಳಲ್ಲಿ (ತೀರ್ಪು ಹೇಳಲು ಕೋರ್ಟಿನಲ್ಲಿ ಕೂರಿಸುವ ಸಾಮಾನ್ಯ ಜನ) 10 ಜನ ಒಪ್ಪಿದರೆ ಸಾಕು, ಜೀವಾವಧಿ ಶಿಕ್ಷೆಯಾಗುತ್ತಿತ್ತು. ಕಪ್ಪು ಜ್ಯೂರಿಗಳ ಮಾತು ಲೆಕ್ಕಕ್ಕೆ ಬಾರದಿರಲಿ ಎಂದು 1898ರಲ್ಲಿ ತಂದ ಏರ್ಪಾಟಿನ ಮುಂದುವರಿಕೆ ಅದು. 2018ರಲ್ಲಿ ಮತದಾರರು ಅದನ್ನು ಕಿತ್ತುಹಾಕಿದರು. ಪ್ರಚಾರದ ಮುಂದಾಳು ನಾರಿಸ್ ಹೆಂಡರ್ಸನ್, 27 ವರ್ಷ ಜೈಲಿನಲ್ಲಿದ್ದು ಹೊರಬಂದವರು.

ಕಂಪನಿಯ ಪೋರ್ಟಲಿನಲ್ಲಿ ಗುಂಪಿನ ಹೆಸರು ಸಿಗದಿದ್ದರೆ ಕೈಬಿಡಬೇಡಿ; ಎಷ್ಟೋ ಸಣ್ಣ ಗುಂಪುಗಳು ಬೇರೊಂದು ನೋಂದಾಯಿತ ಸಂಸ್ಥೆಯ ಆಸರೆಯಲ್ಲಿ ದೇಣಿಗೆ ಪಡೆಯುತ್ತವೆ. ಯಾವ ಹೆಸರಲ್ಲಿ ಕಳಿಸಬೇಕು ಎಂದು ಅವರಿಗೇ ಒಂದು ಮೇಲ್ ಹಾಕಿ ಕೇಳಿ. ಹಾಗೇ, ವಾರದ ಸಭೆಗೆ ಹೊರಗಿನವರು ಬಂದು ಕೂರಬಹುದೇ ಎಂದೂ ಕೇಳಿ ನೋಡಿ.