ಹ್ಯಾಂಬರ್ಗಿನ ಬೇಸಿಗೆಗೆ ಪತ್ತನಾಜೆ ಇಲ್ಲ

ಜರ್ಮನಿಯ ಹ್ಯಾಂಬರ್ಗಿನಲ್ಲಿ ಮೊದಲ ಬೇಸಿಗೆ ಕಳೆದೆ, ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತಿತ್ತು, ಈಗ ಒಂದು ವಾರದಿಂದ ತಣ್ಣನೆಯ ಮಳೆ ಹಿಡಿದಿದೆ ಎಂದು ಬರೆದಿದ್ದೀಯ. ಕಚೇರಿಯವರೆಲ್ಲ ‘ಇನ್ನು ಮಾರ್ಚ್‌ವರೆಗೆ ಹೀಗೆಯೇ’ ಎಂದು ಮುಖ ಇಳಿಸಿಕೊಂಡಿದ್ದಾರಂತೆ. ಮಂಗಳೂರಿನ ಮಳೆ ಕಂಡವಳಿಗೆ ಇದೆಲ್ಲ ಯಾವ ಲೆಕ್ಕ ಅಕ್ಕಾ, ಆದರೂ ಈ ಬೇಸಿಗೆಯನ್ನು ಬಿಟ್ಟುಕೊಡಲು ಮನಸ್ಸು ಬರುತ್ತಿಲ್ಲ, ಯಾಕೆ ಎಂದು ಕೇಳಿದ್ದೀಯ. ಅಕ್ಕ ಎಂದು ಕರೆದ ಮೇಲೆ ನೀನು ಎಂದೇ ಬರೆಯುತ್ತೇನೆ.

ಹ್ಯಾಂಬರ್ಗಿನಲ್ಲೇ ನೆಲೆಸಿರುವ ನಾನೀಗ ಊರಿನಲ್ಲಿ, ಉಡುಪಿಯಲ್ಲಿದ್ದೇನೆ. ಕೃಷ್ಣಾಷ್ಟಮಿಗೆಂದು ಬಂದವಳು ಮರುದಿನದ ವಿಟ್ಲಪಿಂಡಿ ಉತ್ಸವ ಮುಗಿಸಿ ಮನೆಯಲ್ಲೇ ಉಳಿದಿದ್ದೇನೆ. ಇಲ್ಲಿ ಮಳೆ ಇನ್ನೂ ಪೂರ್ತಿ ಹಿಂದೆಗೆದಿಲ್ಲ. ಬೆಳಿಗ್ಗೆ ಒಂದು ಸಲ ಜೋರಾಗಿ ಹೊಯ್ಯುತ್ತದೆ, ಹತ್ತು ಗಂಟೆಗೆ ಬೆನ್ನು ಸುಡುವ ಬಿಸಿಲು. ಅಂಗಳದಲ್ಲಿ ಪಾಚಿ, ತಂತಿಯ ಮೇಲೆ ಬಟ್ಟೆ, ಯಾರ ಮುಖದಲ್ಲೂ ಚಿಂತೆಯಿಲ್ಲ.

ಮಳೆಯ ಲೆಕ್ಕದಲ್ಲಿ ನೀನು ಹೇಳುವುದು ಸರಿಯೇ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಸುರಿಯುತ್ತದೆ, ಹ್ಯಾಂಬರ್ಗಿನಲ್ಲಿ 800ರ ಆಸುಪಾಸು. ಅಲ್ಲಿ ವರ್ಷವಿಡೀ ಬೀಳುವಷ್ಟನ್ನು ನಮ್ಮ ಜುಲೈ ಒಂದೇ ತಿಂಗಳು ಮುಗಿಸಿಬಿಡುತ್ತದೆ. ಆದರೆ ನಮ್ಮ ಮಳೆಗೆ ಒಂದು ಗತ್ತಿದೆ. ಬಂದರೆ ಬರುತ್ತದೆ, ಗುಡುಗುತ್ತದೆ, ಬಿಡುತ್ತದೆ. ಹ್ಯಾಂಬರ್ಗಿನದು ಜಿನುಗುವ ಜಾತಿ. ಕೊಡೆ ಬಿಡಿಸಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಕನ್ನಡಕ ಒದ್ದೆಯಾಗಿರುತ್ತದೆ. (ಊರಿನಿಂದ ತಂದ ಕೊಡೆಯನ್ನು ಒಳಗಿಡು. ಅಲ್ಲಿನ ಗಾಳಿ ಅದನ್ನು ಒಂದೇ ದಿನದಲ್ಲಿ ತಿರುಗುಮುರುಗು ಮಾಡುತ್ತದೆ. ತಲೆ ಮುಚ್ಚುವ ಒಳ್ಳೆಯ ಮಳೆಯಂಗಿಗೆ ದುಡ್ಡು ಹಾಕು.)

ನಿನ್ನನ್ನು ಕಾಡುತ್ತಿರುವುದು ಮಳೆಯಲ್ಲ, ಬೆಳಕು. ಮಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಹೆಚ್ಚೆಂದರೆ ಒಂದೂವರೆ ಗಂಟೆಯ ವ್ಯತ್ಯಾಸ. ನಮ್ಮ ಅಜ್ಜಿಯಂದಿರು ಗಡಿಯಾರವಿಲ್ಲದೆ ದೀಪ ಹಚ್ಚುತ್ತಿದ್ದರು, ಆ ಹೊತ್ತು ವರ್ಷವಿಡೀ ಹೆಚ್ಚುಕಡಿಮೆ ಅದೇ. ಹ್ಯಾಂಬರ್ಗಿನಲ್ಲಿ ಜೂನ್ ಕೊನೆಗೆ ಹದಿನೇಳು ಗಂಟೆಯ ಹಗಲು, ಡಿಸೆಂಬರಿನಲ್ಲಿ ಏಳೂವರೆ ಗಂಟೆ. ಈಗ ಸೆಪ್ಟೆಂಬರಿನಲ್ಲಿ ದಿನಕ್ಕೆ ಸುಮಾರು ನಾಲ್ಕು ನಿಮಿಷ, ಅಂದರೆ ವಾರಕ್ಕೆ ಅರ್ಧ ಗಂಟೆ ಹಗಲು ಕರಗುತ್ತಿದೆ. ಮೋಡ ಕವಿದರೆ ಅದೂ ಕಾಣಿಸುವುದಿಲ್ಲ. ಅಕ್ಟೋಬರಿನ ಕೊನೆಯ ಭಾನುವಾರ ನಸುಕಿನ ಮೂರು ಗಂಟೆಗೆ ಗಡಿಯಾರವನ್ನು ಎರಡಕ್ಕೆ ತಿರುಗಿಸುತ್ತಾರೆ. ಆ ಸಂಜೆ ಐದಕ್ಕೇ ಕತ್ತಲು. ಹುಟ್ಟಿನಿಂದ ಹನ್ನೆರಡು ಗಂಟೆಯ ಬಿಸಿಲು ಕಂಡವರಿಗೆ ಇದು ಮನಸ್ಸಿಗಿಂತ ಮೊದಲು ಮೈಗೆ ಗೊತ್ತಾಗುತ್ತದೆ. ನಿನಗೂ ಗೊತ್ತಾಗಿದೆ, ಅಷ್ಟೆ.

ಅಲ್ಲಿಯವರು ಬೇಸಿಗೆಯನ್ನು ಹಿಡಿದಿಟ್ಟುಕೊಳ್ಳುವ ರೀತಿ ನೋಡಿ ನಗಬೇಡ. ಹನ್ನೆರಡು ಡಿಗ್ರಿ ಇರುವಾಗ ಕೋಟು ಹಾಕಿಕೊಂಡು, ಕಾಲಿನ ಮೇಲೆ ಹೋಟೆಲಿನವರು ಕೊಟ್ಟ ಕಂಬಳಿ ಹೊದ್ದು, ಹೊರಗಿನ ಕುರ್ಚಿಯಲ್ಲೇ ಕಾಫಿ ಕುಡಿಯುತ್ತಾರೆ. ಮೋಡದ ಸಂದಿಯಲ್ಲಿ ಒಂದು ಎಳೆ ಬಿಸಿಲು ಬಂದರೆ ಸಾಕು, ಎಲ್ಬೆ ನದಿಯ ಮರಳದಂಡೆಯಲ್ಲಿ ಮಕ್ಕಳು ಬರಿಗಾಲಿನಲ್ಲಿ ಓಡುತ್ತಿರುತ್ತಾರೆ. ಮಲ್ಪೆಯ ಕಡಲು ಕಂಡ ನಮಗೆ ಆ ದಂಡೆ ಏನೇನೂ ಅಲ್ಲ, ಆದರೆ ಅವರ ಆಸೆ ದೊಡ್ಡದು. ಪ್ಲಾಂಟೆನ್ ಉನ್ ಬ್ಲೋಮೆನ್ ಉದ್ಯಾನದಲ್ಲಿ ಬೇಸಿಗೆಯ ರಾತ್ರಿಗಳಲ್ಲಿ ಕಾರಂಜಿ, ದೀಪ, ಸಂಗೀತ ನಡೆಯುತ್ತದಲ್ಲ, ಹೋಗಿಲ್ಲದಿದ್ದರೆ ಸೆಪ್ಟೆಂಬರ್ ಮುಗಿಯುವುದರೊಳಗೆ ಹೋಗಿ ಬಾ. ಕೆಲಸದ ದಿನ ಬಿಸಿಲು ಬಂದರೆ ಊಟದ ವಿರಾಮದಲ್ಲಿ ಹೊರಗೆ ಹೋಗಿ ನಿಲ್ಲು. ಯಾರೂ ಏನೂ ಅಂದುಕೊಳ್ಳುವುದಿಲ್ಲ, ಅವರೂ ಅಲ್ಲೇ ನಿಂತಿರುತ್ತಾರೆ.

ನಮ್ಮ ಕಡೆ ಬೇಸಿಗೆಯನ್ನು ಕಳುಹಿಸಿಕೊಡಲು ಒಂದು ದಿನವೇ ಇದೆ. ತುಳು ಪಂಚಾಂಗದ ಬೇಶ ತಿಂಗಳ ಹತ್ತರಂದು, ಮೇ 24ರ ಸುಮಾರಿಗೆ, ಪತ್ತನಾಜೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನೇಮಗಳು ನಿಲ್ಲುತ್ತವೆ. ಅಷ್ಟರೊಳಗೆ ಹಲಸಿನ ಹಪ್ಪಳ ಒಣಗಿ ಡಬ್ಬ ಸೇರಿರುತ್ತದೆ, ಸೊಳೆ ಉಪ್ಪುನೀರಿನಲ್ಲಿ ಮುಳುಗಿರುತ್ತದೆ, ಕಟ್ಟಿಗೆ ಕೊಟ್ಟಿಗೆಯೊಳಗೆ, ಒಣಮೀನು ಅಟ್ಟದ ಮೇಲೆ. ಜೂನ್ ಒಂದರಿಂದ ಎರಡು ತಿಂಗಳು ಯಾಂತ್ರಿಕ ದೋಣಿಗಳೂ ಕಡಲಿಗಿಳಿಯುವಂತಿಲ್ಲ. ಜೋರು ಮಳೆಯ ಆಟಿ ತಿಂಗಳಲ್ಲಿ ಕೆಲಸವಿಲ್ಲ, ಹಾಳೆಮರದ ತೊಗಟೆಯ ಕಷಾಯ ಕುಡಿದು ಮುಖ ಕಿವುಚುವುದಿದೆ. ಬಿಸಿಲಿನ ಬಗ್ಗೆ ಹಳಹಳಿಕೆ ಇಲ್ಲಿಯೂ ಇದೆ, ಆದರೆ ಸಿದ್ಧತೆ ಅದಕ್ಕಿಂತ ಮೊದಲೇ ಮುಗಿದಿರುತ್ತದೆ. ಹ್ಯಾಂಬರ್ಗಿನಲ್ಲಿ ಅಂಥ ದಿನವಿಲ್ಲ. ಒಂದು ಮಂಗಳವಾರ ಬೇಸಿಗೆ ಇದ್ದದ್ದು ಬುಧವಾರ ಇರುವುದಿಲ್ಲ. ನಾನಂತೂ ಗಡಿಯಾರ ಹಿಂದಕ್ಕೆ ಹೋಗುವ ಭಾನುವಾರವನ್ನೇ ಪತ್ತನಾಜೆ ಎಂದು ಇಟ್ಟುಕೊಂಡಿದ್ದೇನೆ. ಅಲ್ಲಿಯವರೆಗೆ ಬೇಸಿಗೆಯನ್ನು ಎಷ್ಟು ಬೇಕಾದರೂ ಎಳೆದಾಡುತ್ತೇನೆ, ಆಮೇಲೆ ಅದರ ಮಾತಿಲ್ಲ.

ಆ ದಿನದೊಳಗೆ ಆಗಬೇಕಾದ ಕೆಲಸಗಳಿವೆ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಅಲ್ಲಿನ ಬಿಸಿಲಿಗೆ ಚರ್ಮದಲ್ಲಿ ಸಾಕಷ್ಟು ಡಿ ವಿಟಮಿನ್ ಹುಟ್ಟಿಸುವ ಶಕ್ತಿ ಇಲ್ಲ, ನಮ್ಮ ಕಪ್ಪು ಮೈಬಣ್ಣಕ್ಕಂತೂ ಇನ್ನೂ ಕಷ್ಟ. ವೈದ್ಯರಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಅವರು ಹೇಳಿದಷ್ಟೇ ಮಾತ್ರೆ ತೆಗೆದುಕೋ. ಬೆಳಗಿನ ಹೊತ್ತು ಅರ್ಧ ಗಂಟೆ ಎದುರಿಗಿಟ್ಟುಕೊಳ್ಳುವ 10,000 ಲಕ್ಸ್‌ನ ದೀಪ ಸಿಗುತ್ತದೆ. ತಮಾಷೆ ಅನಿಸಿದರೂ ನನಗೆ ಅದರಿಂದ ಉಪಯೋಗವಾಗಿದೆ. ಬಟ್ಟೆ ಒಣಗಿಸುವ ವಿಷಯದಲ್ಲಿ ಮಾತ್ರ ಊರಿನ ಬುದ್ಧಿ ನಡೆಯುವುದಿಲ್ಲ. ಇಲ್ಲಿ ಬಚ್ಚಲಿನ ಒಲೆಯ ಮೇಲೆ ತೂಗುಹಾಕುತ್ತೇವೆ, ಮಾಡಿನ ಸಂದಿಯಲ್ಲಿ ಗಾಳಿಯಾಡುತ್ತದೆ. ಅಲ್ಲಿನ ಕಿಟಕಿಗಳು ಗಾಳಿ ನುಸುಳದಂತೆ ಮುಚ್ಚಿಕೊಳ್ಳುತ್ತವೆ, ತೇವ ಗೋಡೆಗೆ ಕೂತು ಬೂಷ್ಟು ಹಿಡಿಯುತ್ತದೆ, ಮನೆಯ ಮಾಲೀಕರು ನಿನ್ನನ್ನೇ ಕೇಳುತ್ತಾರೆ. ಎಷ್ಟೇ ಚಳಿಯಿದ್ದರೂ ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿಗಳನ್ನು ಪೂರ್ತಿ ತೆರೆದಿಡು.

ರಜೆಯನ್ನು ಈಗಲೇ ಖರ್ಚು ಮಾಡಬೇಡ. ಈ ಸಲ ಅಷ್ಟಮಿಯ ಆಸೆಗೆ ನಾನು ಬಂದೆ, ಆದರೆ ಊರಿಗೆ ಬರಲು ಸರಿಯಾದ ಕಾಲ ಜನವರಿ. ಅಲ್ಲಿ ಕತ್ತಲು ಅತಿ ಬೇಸರ ತರಿಸುವ ಹೊತ್ತಿಗೆ ಇಲ್ಲಿ ಕೋಲ, ಯಕ್ಷಗಾನದ ಆಟ, ಕಂಬಳ ಎಲ್ಲ ಒಟ್ಟಿಗೆ ನಡೆಯುತ್ತಿರುತ್ತವೆ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಉಡುಪಿಯ ಕೃಷ್ಣಮಠದ ಪರ್ಯಾಯ ಉತ್ಸವವೂ ಸಿಗುತ್ತದೆ.

ನಾನು ಅಕ್ಟೋಬರಿನ ಮೊದಲ ವಾರ ಮರಳುತ್ತೇನೆ. ಕುಚ್ಚಲಕ್ಕಿ ಅಲ್ಲಿ ಸಿಗುತ್ತದೆ, ಅದಕ್ಕಾಗಿ ತೂಕ ಹೊರುವುದಿಲ್ಲ. ನಿಮ್ಮ ಮನೆಯವರು ತುಪ್ಪ ಕೊಟ್ಟು ಕಳುಹಿಸುತ್ತೇವೆ ಎಂದರೆ ಬೇಡ ಎನ್ನು, ಹಾಲಿನ ಪದಾರ್ಥವನ್ನು ಪ್ರಯಾಣಿಕರು ಒಳಗೆ ತರುವಂತಿಲ್ಲ. ಅಮ್ಮ ಏಪ್ರಿಲಿನಲ್ಲಿ ಒಣಗಿಸಿದ ಹಲಸಿನ ಹಪ್ಪಳ ಧಾರಾಳವಾಗಿದೆ. ಎಷ್ಟು ಕಟ್ಟು ತರಲಿ, ಖಾರದ್ದೋ ಸಪ್ಪೆಯದೋ, ಈ ವಾರದೊಳಗೆ ತಿಳಿಸು.