ತಲೆ ಇಲ್ಲದ ಗಿಟಾರ್ ತಗೊಳ್ಳಲಾ ಸಾರ್?

ಕಳೆದ ಸಂಚಿಕೆಯಲ್ಲಿ ಒಂದು ಹೆಡ್‌ಲೆಸ್ ಬಾಸ್ ಗಿಟಾರಿನ ಫೋಟೋ ಹಾಕಿದ್ದೆವು, ಅಷ್ಟೇ. ನೆಕ್ಕಿನ ತುದಿಯಲ್ಲಿ ಶ್ರುತಿ ಮಾಡುವ ಕೀಗಳಿರುವ ಆ ಹೆಡ್‌ಸ್ಟಾಕ್, ಅಂದರೆ ತಲೆ, ಇಲ್ಲ; ತಂತಿ ನಟ್ (ನೆಕ್ಕಿನ ಮೇಲ್ತುದಿಯಲ್ಲಿ ತಂತಿ ಕೂರುವ ಸಣ್ಣ ಪಟ್ಟಿ) ಹತ್ತಿರವೇ ಮುಗಿದುಹೋಗಿದೆ, ಅಂಥದ್ದು. ಬಂದ ಪತ್ರಗಳಲ್ಲಿ ಅರ್ಧ ಮೆಚ್ಚುಗೆ, ಅರ್ಧ ಬೈಗುಳ. ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ನಾನು ಆರ್ಕೆಸ್ಟ್ರಾದಲ್ಲಿ ಬಾಸ್ ನುಡಿಸುತ್ತೇನೆ. ಗಣೇಶನ ಹಬ್ಬ ಶುರುವಾದರೆ ರಾಜ್ಯೋತ್ಸವ ಮುಗಿಯೋವರೆಗೂ ಒಂದರ ಹಿಂದೆ ಒಂದು ಪ್ರೋಗ್ರಾಂ. ಮೂರು ನಾಲ್ಕು ಗಂಟೆ ನಿಂತೇ ನುಡಿಸಬೇಕು, ಎಡಭುಜ ಹಿಡ್ಕೊಳ್ಳುತ್ತೆ. ಹೆಡ್‌ಲೆಸ್ ತಗೊಳ್ಳೋಣ ಅಂದರೆ ನಮ್ಮ ಕೀಬೋರ್ಡ್ ಅಣ್ಣ 'ಸ್ಟೇಜ್ ಮೇಲೆ ಕ್ರಿಕೆಟ್ ಬ್ಯಾಟ್ ಹಿಡ್ಕೊಂಡು ನಿಲ್ತೀಯೇನೋ' ಅಂತ ನಗ್ತಾರೆ. ನಿಜಕ್ಕೂ ಉಪಯೋಗ ಇದೆಯಾ ಸಾರ್, ಇಲ್ಲ ಬರೀ ಶೋಕಿನಾ?
— ಓದುಗರು, ಶ್ರೀರಾಂಪುರ

ಉತ್ತರ: ಉಪಯೋಗ ಇದೆ, ಅದೂ ಬಾಸ್ ನುಡಿಸುವವರಿಗೆ ಜಾಸ್ತಿ. ಸಾಮಾನ್ಯ ಬಾಸ್‌ನಲ್ಲಿ ನಟ್‌ನಿಂದ ಬ್ರಿಡ್ಜ್‌ವರೆಗೆ (ಬಾಡಿ ಮೇಲೆ ತಂತಿ ಕೂರುವ ಕುದುರೆ) 34 ಇಂಚು ತಂತಿ. ಅದರ ಆಚೆ, ಉದ್ದ ನೆಕ್ಕಿನ ಕಟ್ಟಕಡೆಗೆ, ನಾಲ್ಕು ಲೋಹದ ಕೀ ಕೂತಿರುತ್ತವೆ. ತೂಕ ಕಡಿಮೆಯೇ ಇರಬಹುದು, ಆದರೆ ಅಷ್ಟು ದೂರದಲ್ಲಿರೋದರಿಂದ ಅದು ಕೆಳಗೆ ಎಳೆಯೋದು ಮಾತ್ರ ಜೋರು. ಬಾಸ್ ಬಿಟ್ಟು ನೋಡಿ, ನೆಕ್ ನೆಲದ ಕಡೆ ವಾಲುತ್ತೆ. ಅದನ್ನು ಎತ್ತಿ ಹಿಡಿಯೋ ಕೆಲಸ ನಿಮ್ಮ ಎಡಗೈಗೆ, ಭುಜಕ್ಕೆ ಬೀಳುತ್ತೆ. ನುಡಿಸೋ ಕೆಲಸ ಆಮೇಲೆ. ಕೀಗಳನ್ನು ಬ್ರಿಡ್ಜ್ ಕಡೆಗೆ ತಂದರೆ ಆ ಎಳೆತ ಬಹುಪಾಲು ಹೋಗುತ್ತೆ. ನಿಮ್ಮ ಭುಜದ ನೋವಿಗೆ ಬೇರೆ ಕಾರಣವೂ ಇರಬಹುದು, ಡಾಕ್ಟರಿಗೆ ತೋರಿಸಿ. ಸ್ಟ್ರಾಪ್ ಸಣ್ಣದಿದ್ದರೆ ಮೊದಲು ಅಗಲದ್ದು ಹಾಕಿ ನೋಡಿ, ಅದು ಅಗ್ಗದ ದಾರಿ.

ಇದನ್ನು ಜನಕ್ಕೆ ಪರಿಚಯ ಮಾಡಿಸಿದ್ದು ಅಮೆರಿಕದ ನೆಡ್ ಸ್ಟೈನ್‌ಬರ್ಗರ್. ಮೂಲತಃ ಪೀಠೋಪಕರಣ ಡಿಸೈನ್ ಮಾಡುತ್ತಿದ್ದವರು, ಸಂಗೀತದವರಲ್ಲ. ಬಹುಶಃ ಅದಕ್ಕೇ ಗಿಟಾರಿಗೆ ತಲೆ ಯಾಕೆ ಬೇಕು ಅಂತ ಕೇಳೋ ಧೈರ್ಯ ಬಂತು ಅಂತ ನನಗನ್ನಿಸುತ್ತೆ. 1980ರ ಹೊತ್ತಿಗೆ ಅವರ ಎಲ್2 ಬಾಸ್ ಬಂತು. ತಲೆ ಇಲ್ಲ, ಮರವೂ ಇಲ್ಲ, ಕಾರ್ಬನ್ ಫೈಬರ್ ಮತ್ತು ಗ್ಲಾಸ್ ಫೈಬರ್ ಸೇರಿಸಿದ ಎಪಾಕ್ಸಿ. ಬಾಡಿ ಅಂದರೆ ಒಂದು ಸಣ್ಣ ಕಪ್ಪು ಡಬ್ಬ. ರಶ್ ಬ್ಯಾಂಡಿನ ಗೆಡ್ಡಿ ಲೀ, ಸ್ಟಿಂಗ್ ಇಬ್ಬರೂ ಅದನ್ನು ಸ್ಟೇಜ್ ಮೇಲೆ ನುಡಿಸಿದರು. 1987ರಲ್ಲಿ ದೊಡ್ಡ ಗಿಟಾರ್ ಕಂಪನಿ ಗಿಬ್ಸನ್, ಸ್ಟೈನ್‌ಬರ್ಗರ್ ಕಂಪನಿಯನ್ನೇ ಕೊಂಡುಕೊಂಡಿತು. ಆಮೇಲೆ ಫ್ಯಾಶನ್ ಬದಲಾಯ್ತು, ಎಂಬತ್ತರ ದಶಕದ ದೊಡ್ಡ ಭುಜದ ಕೋಟಿನ ಜೊತೆಗೆ ಇದನ್ನೂ ಮೂಲೆಗೆ ಹಾಕಿದರು. ಈಗ ಸ್ವೀಡನ್ನಿನ ಸ್ಟ್ರಾಂಡ್‌ಬರ್ಗ್ ಕಂಪನಿಯಿಂದಾಗಿ ಮತ್ತೆ ಜೀವ ಬಂದಿದೆ, ಜಪಾನಿನ ಐಬನೇಜ್ ಕೂಡ 2020ರಲ್ಲಿ ಹೆಡ್‌ಲೆಸ್ ಬಾಸ್, 2021ರಲ್ಲಿ ಗಿಟಾರ್ ತಂದಿತು. ಈಗಿನವುಗಳ ಬಾಡಿ ಹಳೆಯ ಡಬ್ಬದ ಹಾಗಿಲ್ಲ, ಕೂತು ನುಡಿಸಿದರೂ ತೊಡೆ ಮೇಲೆ ನಿಲ್ಲುತ್ತೆ.

ಧ್ವನಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡ್ತೀನಿ, ಅಂಗಡಿಯವರು ಹೇಗೂ ಶುರು ಮಾಡ್ತಾರೆ. ತಲೆ ಇಲ್ಲದಿದ್ದರೆ ಸಸ್ಟೇನ್ (ಸ್ವರ ಮೊಳಗುತ್ತಾ ನಿಲ್ಲೋ ಹೊತ್ತು) ಜಾಸ್ತಿ ಅಂತ ಒಬ್ಬರು, ಧ್ವನಿ ತೆಳು ಅಂತ ಇನ್ನೊಬ್ಬರು. ಎರಡನ್ನೂ ಪೂರ್ತಿ ನಂಬಬೇಡಿ. ಬಾಸ್‌ನಲ್ಲಿ ಜಿ ತಂತಿಯ (ಅತಿ ತೆಳು ತಂತಿ) ಐದರಿಂದ ಏಳನೇ ಫ್ರೆಟ್ (ನೆಕ್ ಮೇಲಿನ ಮೆಟ್ಟಿಲು) ಸುತ್ತಮುತ್ತ ಒಂದು ಸ್ವರ ಬೇಗ ಸತ್ತುಹೋಗುತ್ತಲ್ವಾ, ಅದು ನೆಕ್ ತಾನೇ ಅದುರಿ ತಂತಿಯ ಶಕ್ತಿ ಕುಡಿಯೋದರಿಂದ. ತುದಿಯ ತೂಕ ತೆಗೆದರೆ ಆ ಜಾಗ ಬದಲಾಗುತ್ತೆ, ಮಾಯ ಆಗೋದಿಲ್ಲ. ಗಟ್ಟಿ ಕಾರ್ಬನ್ ನೆಕ್‌ನಲ್ಲಿ ಈ ಕಾಟ ಕಡಿಮೆ, ಮರದ ನೆಕ್ ಆದರೆ ಪ್ರತಿ ಫ್ರೆಟ್ ಒತ್ತಿ ನೋಡಿಯೇ ತಗೊಳ್ಳಿ. ತಂತಿಯ ಅದುರು ಹಿಡಿಯೋ ಪಿಕಪ್, ತಂತಿ, ನಿಮ್ಮ ಬೆರಳು ಇವುಗಳ ಮುಂದೆ ತಲೆಯ ಪಾತ್ರ ಚಿಕ್ಕದು. ಗಣೇಶನ ಪೆಂಡಾಲಿನ ಸ್ಪೀಕರ್‌ನಲ್ಲಿ ಅದು ಯಾರಿಗೂ ಗೊತ್ತಾಗೋದಿಲ್ಲ ಬಿಡಿ.

ಕೀಬೋರ್ಡ್ ಅಣ್ಣನಿಗೆ ನಗೋಕೆ ಬಿಡಿ. ಅವರದು ಸ್ಟ್ಯಾಂಡ್ ಮೇಲಿರುತ್ತೆ, ಭುಜದ ಮೇಲಲ್ಲ.

ಪ್ರಶ್ನೆ: ನಾನು ವೀಣೆ ಕಲಿತವಳು. ಮಗ ಈ ಗಿಟಾರ್ ಬೇಕು ಅಂತ ಹಟ ಹಿಡಿದಿದ್ದಾನೆ. ನನಗೆ ಅದನ್ನು ನೋಡಿದರೆ ಯಾರೋ ಮುರಿದು ಇಟ್ಟ ಹಾಗೆ ಅನ್ನಿಸುತ್ತೆ. ತಲೆ ಇಲ್ಲದಿದ್ದರೆ ಶ್ರುತಿ ಮಾಡೋದು ಹೇಗೆ? ಒಂದು ಭಾಗ ಕಡಿಮೆ ಇದ್ದೂ ಬೆಲೆ ಯಾಕೆ ಜಾಸ್ತಿ?
— ಓದುಗರು, ಮಲ್ಲೇಶ್ವರ

ಉತ್ತರ: ಅಮ್ಮಾ, ಇದು ನಿಮಗೆ ಬೇರೆಯವರಿಗಿಂತ ಬೇಗ ಅರ್ಥ ಆಗುತ್ತೆ. ವೀಣೆಯಲ್ಲಿ ಬಿರಡೆ ತಿರುಗಿಸಿ ಶ್ರುತಿ ಹತ್ತಿರಕ್ಕೆ ತಂದಮೇಲೆ, ಸೂಕ್ಷ್ಮವಾಗಿ ಕೂಡಿಸೋಕೆ ಕುದುರೆಯ ಆಚೆ ಇರುವ ಲಂಗರಿಗೆ ಕೈ ಹಾಕ್ತೀರಿ. ಈ ಗಿಟಾರ್ ಎಲ್ಲವನ್ನೂ ಆ ಕಡೆಗೇ ತಂದುಬಿಟ್ಟಿದೆ. ತಂತಿಯ ಒಂದು ತುದಿ ನಟ್ ಹತ್ತಿರ ಬಿಗಿಯಾಗಿ ಕಚ್ಚಿಕೊಂಡಿರುತ್ತೆ, ಇನ್ನೊಂದು ತುದಿಯನ್ನು ಬ್ರಿಡ್ಜ್‌ನಲ್ಲಿರುವ ಸ್ಕ್ರೂ ನೇರವಾಗಿ ಎಳೆಯುತ್ತೆ. ಕೀಗೆ ಸುತ್ತು ಹಾಕೋದಿಲ್ಲವಾದ್ದರಿಂದ ಆ ಸುತ್ತು ಸಡಿಲಾಗಿ ಶ್ರುತಿ ಇಳಿಯೋ ಪ್ರಶ್ನೆಯೂ ಇಲ್ಲ. ಸ್ಟೈನ್‌ಬರ್ಗರ್ ಬ್ರಿಡ್ಜ್‌ನ ಅನುಪಾತ 40ಕ್ಕೆ 1. ಸಾಮಾನ್ಯ ಗಿಟಾರ್ ಕೀಗಳದು 14ರಿಂದ 18ಕ್ಕೆ 1. ಈ ಸಂಖ್ಯೆ ದೊಡ್ಡದಾದಷ್ಟೂ ಒಂದು ಸುತ್ತಿಗೆ ಶ್ರುತಿ ಕಡಿಮೆ ಬದಲಾಗುತ್ತೆ. ಅಷ್ಟು ನಯವಾಗಿ ಶ್ರುತಿ ಕೂಡಿಸಬಹುದು.

ಹಾಗಂತ ಶ್ರುತಿ ಅಲ್ಲಾಡುವುದೇ ಇಲ್ಲ ಅಂತ ಅಲ್ಲ. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1940ರ ದಶಕದಲ್ಲೇ ಅಲ್ಯೂಮಿನಿಯಂನಲ್ಲಿ ಒಂದು ತಲೆ ಇಲ್ಲದ ಗಿಟಾರ್ ಮಾಡಿಕೊಂಡಿದ್ದರು. ಸ್ಟೇಜ್ ಲೈಟಿನ ಬಿಸಿಗೆ ಲೋಹ ಹಿಗ್ಗಿ ಶ್ರುತಿ ಕೈಕೊಡುತ್ತಿತ್ತು.

ಬೆಲೆ ಜಾಸ್ತಿ ಆಗೋದು ಆ ಬ್ರಿಡ್ಜ್‌ನಿಂದ. ಸಣ್ಣ ಸಣ್ಣ ಭಾಗಗಳು, ಎಲ್ಲವೂ ನಿಖರವಾಗಿರಬೇಕು. ಅಗ್ಗದ್ದರಲ್ಲಿ ಮೆತ್ತನೆಯ ಲೋಹ ಹಾಕಿರುತ್ತಾರೆ, ಕೆಲ ತಿಂಗಳಿಗೆ ಸ್ಕ್ರೂ ಥ್ರೆಡ್ ಸವೆದು ಬೆರಳಲ್ಲಿ ತಿರುಗಿಸೋಕೇ ಆಗೋದಿಲ್ಲ. ಮಗನನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಆರೂ ತಂತಿಯನ್ನು ಪೂರ್ತಿ ಇಳಿಸಿ ಮತ್ತೆ ಏರಿಸೋಕೆ ಹೇಳಿ. ಅಂಗಡಿಯವರ ಮುಖ ಗಂಟಾದರೂ ಪರವಾಗಿಲ್ಲ.

ಮುರಿದ ಹಾಗೆ ಕಾಣುತ್ತೆ ಅಂದಿರಲ್ಲ, ಅದನ್ನು ನಾನು ತಳ್ಳಿಹಾಕೋದಿಲ್ಲ. ವೀಣೆಯ ತುದಿಯ ಯಾಳಿ ಮುಖ ನಾದಕ್ಕೆ ಏನೂ ಮಾಡೋದಿಲ್ಲ, ಆದರೂ ಅದಿಲ್ಲದ ವೀಣೆಯನ್ನು ಪೂಜೆಗೆ ಇಡೋಕೆ ಮನಸ್ಸು ಬರುತ್ತಾ? ಗಿಟಾರಿನವರಿಗೂ ಹಾಗೇ. ಫೆಂಡರ್ ಕಂಪನಿಗೆ ತನ್ನ ಹೆಡ್‌ಸ್ಟಾಕ್ ಆಕಾರದ ಮೇಲೆ ಟ್ರೇಡ್‌ಮಾರ್ಕ್ ಇದೆ; ಬಾಡಿ ಆಕಾರಕ್ಕೂ ಕೊಡಿ ಅಂತ ಕೇಳಿದ್ದಕ್ಕೆ 2009ರಲ್ಲಿ ಅಮೆರಿಕದಲ್ಲಿ ಆಗಲ್ಲ ಅಂದರು. ಅಂದರೆ ಯಾರ ಗಿಟಾರ್ ಅಂತ ದೂರದಿಂದ ಗುರುತು ಹಿಡಿಯೋದೇ ತಲೆ ನೋಡಿ. ಅದನ್ನೇ ತೆಗೆದರೆ ಕೆಲವರಿಗೆ ಸಿಟ್ಟು ಬರೋದು ಸಹಜ.

ಪ್ರಶ್ನೆ: ಇದು ವಿಮಾನದಲ್ಲಿ ಕ್ಯಾಬಿನ್ ಬ್ಯಾಗ್ ಆಗಿ ಹೋಗುತ್ತಂತೆ, ಹೌದಾ?
— ಓದುಗರು, ಯಲಹಂಕ

ಉತ್ತರ: ನಿಯಮದ ಪ್ರಕಾರ ಇಲ್ಲ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕ್ಯಾಬಿನ್ ಬ್ಯಾಗಿಗೆ ಮಿತಿ ಸಾಮಾನ್ಯವಾಗಿ 55 ಸೆಂಟಿಮೀಟರ್ ಉದ್ದ, 7 ಕಿಲೋ ತೂಕ. ಹೆಡ್‌ಲೆಸ್ ಗಿಟಾರ್ ಸಾಮಾನ್ಯವಾಗಿ ಅದಕ್ಕಿಂತ ಉದ್ದ. ಕೌಂಟರಿನಲ್ಲಿರುವವರು ಒಪ್ಪಿದರೆ ಮೇಲಿನ ರ‍್ಯಾಕ್‌ನಲ್ಲಿ ಕೂರುತ್ತೆ, ಒಪ್ಪದಿದ್ದರೆ ಜಗಳಕ್ಕೆ ನಿಲ್ಲಬೇಡಿ, ಕಂಪನಿಗೆ ಮೊದಲೇ ಫೋನ್ ಮಾಡಿ ಕೇಳಿ. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಾಯಿಸೋವಾಗ ಮಾತ್ರ ಇದರ ಸುಖ ಗೊತ್ತಾಗುತ್ತೆ, ಹಿಂದಿನವರ ಮೂಗಿಗೆ ತಾಗೋದಿಲ್ಲ.

ಪ್ರಶ್ನೆ: ಇದೆಲ್ಲಾ ಗಿಟಾರೇ ಅಲ್ಲ. ಕಂಪ್ಯೂಟರ್ ಇಂಜಿನಿಯರ್‌ಗಳ ಆಟದ ಸಾಮಾನು. ಒಪ್ಪುತ್ತೀರಾ?
— ಓದುಗರು, ವಿಜಯನಗರ

ಉತ್ತರ: ಇಲ್ಲ. ಇಂಗ್ಲೆಂಡಿನ ಗಿಟಾರ್ ವಾದಕ ಅಲನ್ ಹೋಲ್ಡ್ಸ್‌ವರ್ತ್ ತಲೆ ಇಲ್ಲದ ಸ್ಟೈನ್‌ಬರ್ಗರ್‌ನಲ್ಲಿ ನುಡಿಸಿದ್ದು ಕೇಳಿ, ಆಮೇಲೆ ಬರೆಯಿರಿ. ನಿಮಗೆ ಇಷ್ಟ ಇಲ್ಲದಿದ್ದರೆ ಕೊಳ್ಳಬೇಡಿ, ಅದಕ್ಕೆ ಕಾರಣ ಕೊಡಬೇಕಾಗಿಲ್ಲ. ಆದರೆ ಇಂಜಿನಿಯರ್‌ಗಳನ್ನು ಬಿಟ್ಟರೆ ಬೆಂಗಳೂರಲ್ಲಿ ಬ್ಯಾಂಡ್ ಕಟ್ಟೋಕೆ ಎಷ್ಟು ಜನ ಉಳೀತಾರೆ ಹೇಳಿ?

ಪ್ರಶ್ನೆ: ಆಗಲೇ ತಗೊಂಡಾಯ್ತು. ತಂತಿ ಎಲ್ಲಿ ಸಿಗುತ್ತೆ? ಎರಡೂ ಕಡೆ ಗುಂಡು ಇರೋದೇ ಬೇಕಂತಲ್ಲ.
— ಓದುಗರು, ಕೆಂಗೇರಿ

ಉತ್ತರ: ನಟ್ ಹತ್ತಿರ ಸಣ್ಣ ಸ್ಕ್ರೂಗಳಿವೆಯಾ ನೋಡಿ. ಇದ್ದರೆ ಎಲ್ಲಾ ಕಡೆ ಸಿಗೋ ಮಾಮೂಲಿ ತಂತಿಯೇ ಸಾಕು. ಸ್ಕ್ರೂ ಇಲ್ಲದೆ ಬರೀ ಗುಂಡು ಕೂರೋ ಗುಳಿ ಇದ್ದರೆ ಡಬಲ್ ಬಾಲ್ ತಂತಿ ಬೇಕು, ಅಂಗಡಿಯಲ್ಲಿ ಸಿಗೋದು ಕಷ್ಟ, ಆನ್‌ಲೈನಲ್ಲಿ ಒಂದೆರಡು ಸೆಟ್ ಜಾಸ್ತಿಯೇ ತರಿಸಿಟ್ಟುಕೊಳ್ಳಿ. ಮಾಮೂಲಿ ತಂತಿ ಹಾಕುವಾಗ ಮೊದಲು ಸ್ಕ್ರೂ ಬಿಗಿ ಮಾಡಿ, ಆಮೇಲೆ ಕತ್ತರಿಸಿ. ಮೊದಲೇ ಕತ್ತರಿಸಿದರೆ ದಪ್ಪ ತಂತಿಯ ಮೇಲಿನ ಸುತ್ತು ಬಿಚ್ಚಿಕೊಂಡು ತಂತಿ ಸತ್ತ ಹಾಗೆ ಕೇಳುತ್ತೆ. ಆ ಸ್ಕ್ರೂ ತಿರುಗಿಸೋ ಅಲೆನ್ ಕೀ ಸೆಟ್ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಿಗುತ್ತೆ, ಎರಡು ತಗೊಳ್ಳಿ, ಒಂದು ಗಿಟಾರ್ ಬ್ಯಾಗಿನಲ್ಲೇ ಇರಲಿ. ತಲೆಗೆ ಸಿಕ್ಕಿಸೋ ಕ್ಲಿಪ್ ಟ್ಯೂನರ್ ಇದಕ್ಕೆ ಕೂರೋದಿಲ್ಲ, ಪೆಡಲ್ ಟ್ಯೂನರ್ ಅಥವಾ ಫೋನ್ ಆ್ಯಪ್ ಬಳಸಿ. ಗೋಡೆಯ ಕೊಕ್ಕೆಗೂ ನೇತು ಹಾಕೋಕೆ ಹೋಗಬೇಡಿ, ಹಿಡಿದು ನಿಲ್ಲಿಸೋಕೆ ತಲೆ ಇಲ್ಲ, ಜಾರಿ ನೇರ ನೆಲಕ್ಕೆ ಬೀಳುತ್ತೆ.